ಹನ್ನೊಂದು ಮಣಿಗಳ ಹಾರ

(ಬಾನುಲಿ ಭಾಷಣ)

ದೊಡ್ಡ ಸಂಖ್ಯೆ ಎಂದೊಡನೆ ನಮ್ಮ ಮನಸ್ಸು ಸಾಮಾನ್ಯವಾಗಿ ಎರಡು ಕಡೆಗೆ ಓಡುತ್ತದೆ: ಒಂದು ಆಕಾಶಕ್ಕೆ, ಇನ್ನೊಂದು ಬೊಕ್ಕಸಕ್ಕೆ. ನಕ್ಷತ್ರಗಳ ದೂರವನ್ನು ಹೇಳುವಾಗಲೋ ಸರ್ಕಾರದ ಆಯವ್ಯಯವನ್ನು ಓದುವಾಗಲೋ ಅಂಕೆಗಳ ಸಾಲು ಉದ್ದವಾಗುತ್ತದೆ. ಕೇಳುವವರು ತಲೆದೂಗಿ ಸುಮ್ಮನಾಗುತ್ತಾರೆ. ಅಲ್ಲಿ ಸಂಖ್ಯೆ ಬೇರೆ ಯಾವುದೋ ವಸ್ತುವಿನ ಅಳತೆಯಾಗಿ ಬರುತ್ತದೆ. ಅದಕ್ಕೆ ತನ್ನದೇ ಆದ ಮುಖವಿರುವುದಿಲ್ಲ. ಇಂದು ನಾನು ನಿಮಗೆ ಪರಿಚಯ ಮಾಡಿಕೊಡಬೇಕೆಂದಿರುವ ಸಂಖ್ಯೆ ಯಾವುದರ ಅಳತೆಯೂ ಅಲ್ಲ. ಒಬ್ಬ ಮನುಷ್ಯನಿಗೆ ಇರುವಂತೆ ಅದಕ್ಕೆ ಒಂದು ರೂಪವಿದೆ, ಒಂದು ಸ್ವಭಾವವಿದೆ, ನೋಡಿದೊಡನೆ ಕಾಣದ ಒಂದು ಅಂತರಂಗವಿದೆ.

ಕೈಗೆಟಕುವಂತೆ ಕಾಗದ, ಪೆನ್ಸಿಲು ಇದ್ದರೆ ದಯವಿಟ್ಟು ಬರೆದುಕೊಳ್ಳಿ. ಇಲ್ಲದಿದ್ದರೂ ಚಿಂತೆಯಿಲ್ಲ, ಒಮ್ಮೆ ಕೇಳಿದರೆ ಇದು ಮರೆಯುವ ಸಂಖ್ಯೆಯಲ್ಲ. ಒಂದರಿಂದ ಹೊರಟು ಒಂದೊಂದೇ ಮೆಟ್ಟಿಲಾಗಿ ಆರರವರೆಗೆ ಏರಿ, ಅಲ್ಲಿಂದ ಅದೇ ಮೆಟ್ಟಿಲುಗಳ ಮೇಲೆ ಮತ್ತೆ ಒಂದಕ್ಕೆ ಇಳಿದು ಬನ್ನಿ. 12345654321. ಹನ್ನೊಂದು ಅಂಕೆಗಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಈ ಸಂಖ್ಯೆಯ ಜೊತೆಯಲ್ಲಿ ನಾವು ಒಂದು ಸಣ್ಣ ಪ್ರಯಾಣ ಮಾಡೋಣ. ಪ್ರಯಾಣ ಹೊರಡುವುದು ರಾಷ್ಟ್ರಕೂಟರ ಮಾನ್ಯಖೇಟದಿಂದ. ಮುಗಿಯುವುದು ಬೆಂಗಳೂರಿನ ಪೂರ್ವದಂಚಿನ ಕಾಡುಗೋಡಿಯಲ್ಲಿ. ನಡುವಿನ ಅಂತರ ಸಾವಿರದ ನೂರೆಪ್ಪತ್ತು ವರ್ಷಗಳಿಗೂ ಮಿಗಿಲು.

ಮಾನ್ಯಖೇಟವೆಂದರೆ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಇಂದಿನ ಮಳಖೇಡ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಆ ಆಸ್ಥಾನದ ನೆನಪಾಗುವುದು ‘ಕವಿರಾಜಮಾರ್ಗ’ದಿಂದ. ಅದೇ ದೊರೆಯನ್ನು ತನ್ನ ಆರಂಭದಲ್ಲಿ ಕೊಂಡಾಡುವ ಇನ್ನೊಂದು ಗ್ರಂಥವಿದೆ. ಅದು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ‘ಗಣಿತಸಾರಸಂಗ್ರಹ’. ಬರೆದವರು ಜೈನ ಗಣಿತಜ್ಞ ಮಹಾವೀರಾಚಾರ್ಯರು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದಿತು. ಗಣಿತ ಎಲ್ಲೆಲ್ಲಿ ಬೇಕಾಗುತ್ತದೆಂದು ಪಟ್ಟಿ ಮಾಡುವಾಗ ಆಚಾರ್ಯರು ಗ್ರಹಚಾರವನ್ನೂ ವ್ಯಾಪಾರವನ್ನೂ ಹೆಸರಿಸಿ ನಿಲ್ಲುವುದಿಲ್ಲ. ಸಂಗೀತ, ನಾಟಕ, ಅಡುಗೆ, ವೈದ್ಯ, ಛಂದಸ್ಸು, ಅಲಂಕಾರ, ಕಾವ್ಯ ಇವೆಲ್ಲವನ್ನೂ ಸೇರಿಸುತ್ತಾರೆ. ಕವಿಗಳ ನಡುವೆ ಬಾಳಿದವರ ಪಟ್ಟಿಯಂತೆ ಅದು ತೋರುತ್ತದೆ.

ಮಹಾವೀರಾಚಾರ್ಯರು ಅಂಕಸ್ಥಾನಗಳಿಗೆ ಇಪ್ಪತ್ತನಾಲ್ಕು ಹೆಸರುಗಳನ್ನು ಕೊಡುತ್ತಾರೆ. ಏಕ, ದಶ, ಶತ, ಸಹಸ್ರದಿಂದ ಹೊರಟ ಆ ಸಾಲು ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದಲ್ಲಿ ಕೊನೆಗೊಳ್ಳುತ್ತದೆ. ನಮ್ಮ ಸಂಖ್ಯೆಯನ್ನು ಈ ಸ್ಥಾನಗಳಲ್ಲಿ ಕೂರಿಸಿ ನೋಡಿ. ಏಕದಲ್ಲಿ ಒಂದು, ದಶದಲ್ಲಿ ಎರಡು, ಶತದಲ್ಲಿ ಮೂರು, ಸಹಸ್ರದಲ್ಲಿ ನಾಲ್ಕು, ದಶಸಹಸ್ರದಲ್ಲಿ ಐದು. ಲಕ್ಷದ ಸ್ಥಾನದಲ್ಲಿ ಪದಕದಂತೆ ಆರು. ಅಲ್ಲಿಂದ ಮುಂದೆ ದಶಲಕ್ಷದಲ್ಲಿ ಐದು, ಕೋಟಿಯಲ್ಲಿ ನಾಲ್ಕು, ದಶಕೋಟಿಯಲ್ಲಿ ಮೂರು, ಶತಕೋಟಿಯಲ್ಲಿ ಎರಡು, ಅರ್ಬುದದಲ್ಲಿ ಒಂದು. ಈ ಹನ್ನೊಂದು ಅಂಕೆಗಳನ್ನು ಆಚಾರ್ಯರು ಒಂದೊಂದಾಗಿ ಹೆಸರಿಸುವುದಿಲ್ಲ. ಒಂದರಿಂದ ಆರಂಭವಾಗಿ ಆರರವರೆಗೆ ಹೋಗಿ ಆಮೇಲೆ ಕ್ರಮವಾಗಿ ಇಳಿಯುವ ಸಂಖ್ಯೆ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಅಷ್ಟು ಮಾತಿನಲ್ಲಿ ಅರ್ಬುದವನ್ನು ಮೀರಿದ ಸಂಖ್ಯೆಯೊಂದು ಕಣ್ಣಿಗೆ ಕಟ್ಟುತ್ತದೆ.

ಸಂಸ್ಕೃತದಲ್ಲಿ ಸಂಖ್ಯೆಗಳನ್ನು ಪದ್ಯದಲ್ಲಿ ಹೇಳುವಾಗ ಏಕಸ್ಥಾನದಿಂದ ಹೊರಟು ಎಡಕ್ಕೆ ನಡೆಯುವುದು ರೂಢಿ. ನಾವು ಓದುವುದು ಎಡದಿಂದ ಬಲಕ್ಕೆ. ಸಾಮಾನ್ಯ ಸಂಖ್ಯೆಯಾದರೆ ಈ ಎರಡು ನಡಿಗೆಗಳ ನಡುವೆ ಎಚ್ಚರ ತಪ್ಪಿದರೆ ಲೆಕ್ಕ ಕೆಡುತ್ತದೆ. ನಮ್ಮ ಸಂಖ್ಯೆಗೆ ಆ ಭಯವಿಲ್ಲ. ಹೇಗೆ ಹೋದರೂ ಅದೇ ದಾರಿ. ಅಲಂಕಾರಶಾಸ್ತ್ರದಲ್ಲಿ ಇಂಥ ಪದರಚನೆಗೆ ಗತಪ್ರತ್ಯಾಗತವೆಂದು ಹೆಸರು. ‘ವಿಕಟಕವಿ’, ‘ನವಜೀವನ’ ಎಂಬ ಮಾತುಗಳನ್ನು ಹಿಂದಿನಿಂದ ಓದಿ ನಕ್ಕವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಸಮರೂಪದ ಗುಣಲಬ್ಧಗಳಲ್ಲಿ ಕೆಲವನ್ನು ಮಹಾವೀರಾಚಾರ್ಯರು ಕೊರಳ ಹಾರವೆಂದು ಕರೆಯುತ್ತಾರೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ: ಎರಡು ತುದಿಗಳಲ್ಲಿ ಎರಡು ಒಂದುಗಳು, ನಡುವೆ ಸೊನ್ನೆಗಳ ಎಳೆ. ಅದು ಅವರ ಪಾಲಿಗೆ ರಾಜರ ಹಾರ. ನಾವೂ ನಮ್ಮ ಸಂಖ್ಯೆಯನ್ನು ಹನ್ನೊಂದು ಮಣಿಗಳ ಹಾರವೆಂದೇ ಕರೆಯೋಣ.

ಈ ಹಾರ ಗ್ರಂಥದಲ್ಲಿ ಬರುವುದು ಗುಣಾಕಾರದ ಲೆಕ್ಕವಾಗಿ. 27994681ನ್ನು 441ರಿಂದ ಗುಣಿಸಬೇಕು. ಗುಣಿಸಿ ನೋಡೋಣ. 400ರಿಂದ ಗುಣಿಸಿದರೆ 11197872400. 40ರಿಂದ ಗುಣಿಸಿದರೆ 1119787240. ಒಂದರಿಂದ ಗುಣಿಸಿದರೆ ಅದೇ 27994681. ಮೂರು ಸಾಲುಗಳನ್ನು ಒಂದರ ಕೆಳಗೊಂದು ಬರೆದರೆ ಅವುಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ, ಸಂತೆಯ ಗದ್ದಲದಂತಿರುತ್ತದೆ. ಕೂಡಿಸಿದೊಡನೆ 12345654321. ಪಾಠಶಾಲೆಯ ಹುಡುಗನಿಗೆ ಇದರಿಂದ ಎರಡು ಲಾಭ. ಲೆಕ್ಕ ಸರಿಯಾಯಿತೇ ಎಂದು ಗುರುವನ್ನು ಕೇಳಬೇಕಾಗಿಲ್ಲ, ಉತ್ತರವೇ ಹೇಳುತ್ತದೆ. ಅದರ ಜೊತೆಗೆ, ಇದು ಹೇಗಾಯಿತು ಎಂಬ ಪ್ರಶ್ನೆ ಅವನನ್ನು ಮಲಗಗೊಡುವುದಿಲ್ಲ.

ಹೇಗಾಯಿತು? 441 ಎಂಬುದು 21ರ ವರ್ಗವೆಂದು ನಮ್ಮಲ್ಲಿ ಹಲವರಿಗೆ ಬಾಯಿಪಾಠವಾಗಿರಬಹುದು. 27994681 ಕೂಡ ಒಂದು ವರ್ಗವೇ. ಅದು 5291ರ ವರ್ಗ. ಎರಡು ವರ್ಗಗಳನ್ನು ಗುಣಿಸಿದರೆ ಬರುವುದೂ ವರ್ಗವೇ. ಅಂದಮೇಲೆ ನಮ್ಮ ಹಾರದ ವರ್ಗಮೂಲವನ್ನು ತಿಳಿಯಲು 21ನ್ನು 5291ರಿಂದ ಗುಣಿಸಿದರೆ ಸಾಕು. ಬರುವ ಉತ್ತರ 111111. ಆರು ಒಂದುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಈ ಏರಿಳಿತದ ಹಾರ ಹುಟ್ಟುತ್ತದೆ.

ಆರು ಒಂದುಗಳಿಂದ ಹಾರ ಏಕೆ ಹುಟ್ಟಬೇಕು? ಇದಕ್ಕೆ ಉತ್ತರ ನಮ್ಮ ಮನೆಯಂಗಳದಲ್ಲೇ ಇದೆ. ಚುಕ್ಕಿ ರಂಗೋಲಿ ಹಾಕುವವರು ಒಂದು ಚುಕ್ಕಿಯಿಂದ ಆರಂಭಿಸಿ, ಸಾಲಿಗೊಂದರಂತೆ ಹೆಚ್ಚಿಸುತ್ತ ಆರಕ್ಕೆ ಮುಟ್ಟಿ, ಹಾಗೆಯೇ ಕಡಿಮೆ ಮಾಡುತ್ತ ಒಂದಕ್ಕೆ ಬರುವುದುಂಟು. ಹನ್ನೊಂದು ಸಾಲುಗಳು, ಒಟ್ಟು ಎಷ್ಟು ಚುಕ್ಕಿ? ಎಣಿಸಬೇಕಾಗಿಲ್ಲ. ಆ ರಂಗೋಲಿಯನ್ನು ಓರೆಯಾಗಿ ನೋಡಿದರೆ ಅದು ಆರು ಸಾಲು, ಸಾಲಿಗೆ ಆರು ಚುಕ್ಕಿಗಳ ಒಂದು ಚೌಕವೇ ಆಗಿದೆ, ಒಟ್ಟು 36. ನಮ್ಮ ಗುಣಾಕಾರದಲ್ಲಿಯೂ ಆರು ಒಂದುಗಳ ಆರು ಸಾಲುಗಳಿವೆ. ಪ್ರತಿಯೊಂದು ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿದಿದೆ. ಕಂಬಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಕೂಡಿಸಿದರೆ ತುದಿಯಲ್ಲಿ ಒಂದು, ಪಕ್ಕದಲ್ಲಿ ಎರಡು, ನಡುವೆ ಆರು. ಹಾರದ ಅಂಕೆಗಳನ್ನೆಲ್ಲ ಕೂಡಿ ನೋಡಿ, ಅಲ್ಲಿಯೂ 36 ಬರುತ್ತದೆ. ಅಂಗಳದ ಚುಕ್ಕಿಗಳೇ ಹಾರದ ಅಂಕೆಗಳಾಗಿ ನಿಂತಿವೆ.

ಈ ಆಟ ಎಲ್ಲಿಯವರೆಗೆ ನಡೆಯುತ್ತದೆ? ಒಂಬತ್ತು ಒಂದುಗಳವರೆಗೆ ನಡೆಯುತ್ತದೆ. ಅದರ ವರ್ಗ 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಕಂಬಸಾಲಿನಲ್ಲಿ ಹತ್ತು ಸೇರಿ, ದಶಕವೊಂದು ಪಕ್ಕದ ಮನೆಗೆ ಹೋಗಲೇಬೇಕಾಗುತ್ತದೆ. ಆಗ ಬರುವುದು 1234567900987654321. ಹಾರದ ಎಳೆ ನಡುವೆ ತುಂಡಾದಂತೆ ಎರಡು ಸೊನ್ನೆಗಳು ಕಾಣಿಸಿಕೊಳ್ಳುತ್ತವೆ.

ಇಷ್ಟು ಹೊರಗಿನ ರೂಪದ ಮಾತಾಯಿತು. ಇನ್ನು ಅಂತರಂಗವನ್ನು ನೋಡೋಣ. ತನ್ನಿಂದ ಮತ್ತು ಒಂದರಿಂದ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತೇವೆ: 2, 3, 5, 7, 11, 13 ಹೀಗೆ. ಎಲ್ಲ ಪೂರ್ಣಾಂಕಗಳೂ ಇವುಗಳ ಗುಣಾಕಾರದಿಂದಲೇ ಆದವು, ಮತ್ತು ಪ್ರತಿಯೊಂದು ಸಂಖ್ಯೆಯನ್ನೂ ಹಾಗೆ ಒಡೆಯುವ ಬಗೆ ಒಂದೇ ಒಂದು. ಸಂಖ್ಯೆಯ ವಂಶಾವಳಿ ಎಂದರೆ ಇದೇ. ನಮ್ಮ 111111ನ್ನು ಒಡೆಯುವುದು ಕಷ್ಟವಲ್ಲ. ಅದು 111ನ್ನು 1001ರಿಂದ ಗುಣಿಸಿದ ಫಲ. 111 ಎಂದರೆ ಮೂರು ಮೂವತ್ತೇಳಲಿ. ಅರಬ್ಬೀ ಕಥೆಗಳಿಂದ ಪ್ರಸಿದ್ಧವಾದ ಸಾವಿರದೊಂದು 7, 11, 13 ಇವುಗಳ ಗುಣಲಬ್ಧ. ಹೀಗೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಒಂದೊಂದು ಸಾರಿ ಸೇರಿ 111111 ಆಗಿದೆ. ಎರಡೆರಡು ಸಾರಿ ಸೇರಿ ನಮ್ಮ ಹಾರವಾಗಿದೆ.

ಈ ಐವರು ಒಟ್ಟಿಗೆ ಸೇರಿದ್ದು ಆಕಸ್ಮಿಕವಲ್ಲ. ಒಂದನ್ನು 7ರಿಂದ ಭಾಗಿಸುತ್ತ ಹೋಗಿ: 0.142857, ಮತ್ತೆ 142857, ಮತ್ತೆ ಅದೇ. ಆರು ಅಂಕೆಗಳಿಗೊಮ್ಮೆ ಪಲ್ಲವಿ ಮರಳುತ್ತದೆ. 7ರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು ಒಂದರಿಂದ ಆರರವರೆಗೆ ಮಾತ್ರ; ಅವೆಲ್ಲ ಮುಗಿದ ಮೇಲೆ ಮೊದಲಿನದೇ ಬರಬೇಕು. 13ರಿಂದ ಭಾಗಿಸಿದರೂ 076923 ಎಂಬ ಆರು ಅಂಕೆಗಳ ಪಲ್ಲವಿ. 37ಕ್ಕೆ 027 ಎಂಬ ಮೂರು, 11ಕ್ಕೆ 09 ಎಂಬ ಎರಡು, 3ಕ್ಕೆ ಒಂದೇ ಅಂಕೆ. ಮೂರಾಗಲಿ ಎರಡಾಗಲಿ ಒಂದಾಗಲಿ ಆರರೊಳಗೆ ಸಮವಾಗಿ ಕೂರುತ್ತವೆ. ತಾಳದ ಮಾತಿನಲ್ಲಿ ಹೇಳಿದರೆ ಈ ಐವರೂ ಆರು ಮಾತ್ರೆಯ ಆವರ್ತಕ್ಕೆ ಹೊಂದುವವರು. ಆದ್ದರಿಂದಲೇ ಆರು ಒಂಬತ್ತುಗಳ ಸಂಖ್ಯೆಯಲ್ಲಿಯೂ ಆರು ಒಂದುಗಳ ಸಂಖ್ಯೆಯಲ್ಲಿಯೂ ಇವರು ಒಟ್ಟಿಗೆ ಕಾಣಿಸಿಕೊಳ್ಳುತ್ತಾರೆ.

ವಂಶಾವಳಿ ಗೊತ್ತಾದ ಮೇಲೆ ಹಾರವನ್ನು ಎಷ್ಟು ಬಗೆಯಲ್ಲಿ ಬಿಚ್ಚಬಹುದೆಂಬುದನ್ನು ಲೆಕ್ಕ ಹಾಕಬಹುದು. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದೂ ಎರಡು ಸಾರಿ ಇದೆ. ಒಂದು ಭಾಜಕವನ್ನು ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಾರಿ ತೆಗೆದುಕೊಳ್ಳಬಹುದು: ಮೂರು ಆಯ್ಕೆಗಳು. ಮೂರನ್ನು ಐದು ಸಾರಿ ಗುಣಿಸಿದರೆ 243. ಅಷ್ಟು ಸಂಖ್ಯೆಗಳು ನಮ್ಮ ಹಾರವನ್ನು ಶೇಷವಿಲ್ಲದೆ ಭಾಗಿಸುತ್ತವೆ. ಎರಡು ಸಂಖ್ಯೆಗಳೂ ವರ್ಗಗಳೇ ಆಗಿರಬೇಕೆಂಬ ನಿಯಮವಿಟ್ಟುಕೊಂಡರೆ ಹದಿನಾರು ಜೋಡಿಗಳು ಸಿಗುತ್ತವೆ. ಅಂಕೆಗಳ ಮೊತ್ತ 36 ಆದ್ದರಿಂದ 9ರಿಂದ ಭಾಗವಾಗುತ್ತದೆಂದು ಯಾರೂ ಊಹಿಸಬಲ್ಲರು. 9ನ್ನು 1371739369ರಿಂದ ಗುಣಿಸಿದರೂ ಹಾರ ಬರುತ್ತದೆ. ಆದರೆ ಗ್ರಂಥದಲ್ಲಿರುವುದು 3 ಮತ್ತು 7 ಒಂದು ಕಡೆಗೆ, 11, 13, 37 ಇನ್ನೊಂದು ಕಡೆಗೆ ಕುಳಿತ ಜೋಡಿ. 441ನ್ನು ನೋಡಿ ಹಾರವನ್ನು ಊಹಿಸುವುದು ಸುಲಭವಲ್ಲ. ಲೆಕ್ಕದ ಸ್ವಾರಸ್ಯ ಉಳಿಯುವುದು ಅಲ್ಲಿಯೇ.

ಈಗ ಒಂದು ಸಂದೇಹವನ್ನು ಎತ್ತಬೇಕು. ಹಾರದ ಚೆಲುವು ಸಂಖ್ಯೆಯದೋ, ನಾವು ಅದನ್ನು ಬರೆಯುವ ರೀತಿಯದೋ? ನಾವು ಹತ್ತರ ಗುಂಪುಗಳಲ್ಲಿ ಎಣಿಸುತ್ತೇವೆ, ಬಹುಶಃ ಕೈಬೆರಳುಗಳು ಹತ್ತಿರುವುದರಿಂದ. ಏಳರ ಗುಂಪುಗಳಲ್ಲಿ ಎಣಿಸುವ ಜನರಿದ್ದಾರೆಂದು ಭಾವಿಸಿ. ಅವರೂ ಆರು ಒಂದುಗಳನ್ನು ಬರೆದು ವರ್ಗಮಾಡಿದರೆ 12345654321 ಎಂದೇ ಬರುತ್ತದೆ, ಏಕೆಂದರೆ ನಡುವಿನ ಮೊತ್ತ ಆರನ್ನು ಮೀರುವುದಿಲ್ಲ. ಆದರೆ ಅವರ ಆರು ಒಂದುಗಳು ನಮ್ಮ ಬರವಣಿಗೆಯಲ್ಲಿ 19608. ಅವರ ಹಾರ ನಮ್ಮ ಪಾಲಿಗೆ 384473664. ಅದರಲ್ಲಿ ಹಾರದ ಸುಳಿವೇ ಇಲ್ಲ. ಅದರ ವಂಶಾವಳಿಯೂ ಬೇರೆ: 2, 3, 19, 43. ಹಾಗೆಯೇ ನಮ್ಮ ಹಾರವನ್ನು ಅವರ ಅಂಕೆಗಳಲ್ಲಿ ಬರೆದರೆ ಮೆಟ್ಟಿಲುಗಳು ಮಾಯವಾಗುತ್ತವೆ. 12345654321 ಎಂಬ ಆಕಾರ ಏಳು ಮತ್ತು ಅದಕ್ಕೆ ಮೇಲ್ಪಟ್ಟ ಯಾವ ಎಣಿಕೆಯಲ್ಲಿಯೂ ವರ್ಗಸಂಖ್ಯೆಯೇ. ಅದೊಂದು ಉಡುಪು, ಹಲವರು ತೊಡಬಲ್ಲರು. ಅವಿಭಾಜ್ಯಗಳ ವಂಶಾವಳಿಯಾದರೋ ಒಡಲು. ಎಣಿಕೆ ಬದಲಾದರೂ ಅದು ಬದಲಾಗುವುದಿಲ್ಲ. ಒಂದು ಸಂಖ್ಯೆಯನ್ನು ನಿಜವಾಗಿ ಅರಿಯುವುದೆಂದರೆ ಈ ಒಡಲನ್ನು ಅರಿಯುವುದು.

ಒಡಲನ್ನು ಅರಿಯುವುದು ಎಲ್ಲ ಸಂಖ್ಯೆಗಳ ವಿಷಯದಲ್ಲಿಯೂ ಹೀಗೆ ಸುಲಭವೇ? ಸುಲಭವಲ್ಲ. ಗುಣಿಸುವುದಕ್ಕೂ ಒಡೆಯುವುದಕ್ಕೂ ಇರುವ ಅಂತರ ಬಹಳ ದೊಡ್ಡದು. ಬೆಂಗಳೂರಿನಲ್ಲಿ 1929ರಲ್ಲಿ ಜನಿಸಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ, ಇಪ್ಪತ್ತಾರು ಅಂಕೆಗಳ ಉತ್ತರವನ್ನು 28 ಸೆಕೆಂಡುಗಳಲ್ಲಿ ಹೇಳಿದರು. ಅದು ಅಸಾಧಾರಣವಾದ ಶಕ್ತಿ. ಆದರೂ ನಮ್ಮ ನಿಮ್ಮಂಥವರು ಕಾಗದ ಹಿಡಿದು ಕುಳಿತರೆ ಒಂದು ಮಧ್ಯಾಹ್ನದೊಳಗೆ ಆ ಉತ್ತರಕ್ಕೆ ಬಂದೇವು. ಹಾದಿ ಗೊತ್ತಿದೆ, ನಡೆಯುವ ತಾಳ್ಮೆ ಬೇಕು ಅಷ್ಟೆ. ಅದೇ ಉತ್ತರವನ್ನು ಕೊಟ್ಟು, ಇದು ಯಾವ ಎರಡು ಸಂಖ್ಯೆಗಳಿಂದ ಬಂದದ್ದು ಎಂದು ಕೇಳಿದರೆ ಹಾದಿಯೇ ಕಾಣುವುದಿಲ್ಲ.

ಇದನ್ನು ಮನಗಂಡವರಲ್ಲಿ ಇಂಗ್ಲೆಂಡಿನ ತರ್ಕಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಒಬ್ಬರು. 1874ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು 8616460799 ಎಂಬ ಸಂಖ್ಯೆಯನ್ನು ಓದುಗರ ಮುಂದಿಟ್ಟು, ಯಾವ ಎರಡು ಸಂಖ್ಯೆಗಳ ಗುಣಲಬ್ಧ ಇದೆಂಬುದು ತಮ್ಮ ಹೊರತು ಯಾರಿಗಾದರೂ ತಿಳಿಯುವುದು ಸಂಶಯವೆಂಬ ಅರ್ಥದ ಮಾತು ಬರೆದರು. ನಮ್ಮ ಹಾರಕ್ಕಿಂತ ಇದು ಒಂದು ಅಂಕೆ ಚಿಕ್ಕದು. ಆದರೆ ಇದರಲ್ಲಿ ಮೆಟ್ಟಿಲಿಲ್ಲ, ಹಾರವಿಲ್ಲ. 3, 7, 11ರಂಥ ಸಣ್ಣ ಭಾಜಕಗಳೂ ಇಲ್ಲ. ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದರೆ ಎಂಟು ಸಾವಿರಕ್ಕೂ ಹೆಚ್ಚು ಭಾಗಾಕಾರಗಳಾದ ಮೇಲೆ ಉತ್ತರ ಸಿಕ್ಕೀತು. 1903ರಲ್ಲಿ ಅಮೆರಿಕದ ಗಣಿತಜ್ಞ ಡಿ. ಎನ್. ಲೆಹ್ಮರ್ ಅದನ್ನು ಒಡೆದರು: 89681 ಮತ್ತು 96079. ಜೆವನ್ಸರ ಗುಟ್ಟು ಮೂವತ್ತು ವರ್ಷಗಳೂ ಬಾಳಲಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹದಿನೇಳನೆಯ ಶತಮಾನದಲ್ಲಿಯೇ ಫ್ರಾನ್ಸಿನ ಫರ್ಮಾ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಕೊಟ್ಟ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಸಾಧ್ಯವಾದರೆ ಅದು ತಾನಾಗಿಯೇ ಒಡೆಯುತ್ತದೆ: ಎರಡು ವರ್ಗಮೂಲಗಳ ಮೊತ್ತ ಒಂದು ಭಾಜಕ, ವ್ಯತ್ಯಾಸ ಇನ್ನೊಂದು. ಜೆವನ್ಸರ ಸಂಖ್ಯೆಗಿಂತ ದೊಡ್ಡದಾದ ಮೊದಲ ವರ್ಗ 92825ರದು. ಅಲ್ಲಿಂದ ಹೊರಟು ಪ್ರತಿಯೊಂದರ ವರ್ಗದಿಂದಲೂ ಜೆವನ್ಸರ ಸಂಖ್ಯೆಯನ್ನು ಕಳೆಯುತ್ತ, ಉಳಿದದ್ದು ವರ್ಗವೇ ಎಂದು ನೋಡುತ್ತ ಹೋದರೆ, ಐವತ್ತಾರನೆಯ ಪ್ರಯತ್ನದಲ್ಲಿ, ಅಂದರೆ 92880ರಲ್ಲಿ, ಉಳಿಯುವುದು 3199ರ ವರ್ಗ. ಕೂಡಿಸಿದರೆ 96079, ಕಳೆದರೆ 89681. ಈ ಸಂಖ್ಯೆಗೆ ಜೇಬಿನ ಕ್ಯಾಲ್ಕುಲೇಟರು ಸಾಕೆಂದು ಸಾಲಮನ್ ಗೊಲಂಬ್ ಎಂಬ ಗಣಿತಜ್ಞರು 1996ರಲ್ಲಿ ತೋರಿಸಿದರು. ಎಂಟು ಸಾವಿರ ಭಾಗಾಕಾರಗಳ ಕೋಟೆಗೆ ಐವತ್ತಾರು ಹೆಜ್ಜೆಗಳ ಹಿತ್ತಲ ಬಾಗಿಲೊಂದಿತ್ತು. ಜೆವನ್ಸರು ಆರಿಸಿದ ಎರಡು ಸಂಖ್ಯೆಗಳು ಒಂದಕ್ಕೊಂದು ತೀರ ಹತ್ತಿರವಾಗಿದ್ದುದೇ ಅದಕ್ಕೆ ಕಾರಣ.

ಇಲ್ಲಿಂದ ಕಾಡುಗೋಡಿಗೆ ದಾರಿ ಬಹಳ ದೂರವಿಲ್ಲ. 2023ರ ಮಾರ್ಚಿನಲ್ಲಿ ಮೆಟ್ರೋ ರೈಲಿನ ನೇರಳೆ ಮಾರ್ಗ ಕಾಡುಗೋಡಿಯನ್ನು ಮುಟ್ಟಿತು. ನಿಲ್ದಾಣಕ್ಕೆ ವೈಟ್‌ಫೀಲ್ಡ್ (ಕಾಡುಗೋಡಿ) ಎಂದು ಹೆಸರು. ಸುತ್ತಮುತ್ತಲ ಕಂಪ್ಯೂಟರ್ ಕಂಪನಿಗಳಿಗೆ ಹೋಗುವವರು ಬೆಳಗ್ಗೆ ಅಲ್ಲಿ ಇಳಿಯುತ್ತಾರೆ. ಅವರ ಜೊತೆಯಲ್ಲೇ ಹೂ ಮಾರುವವರು, ಆಟೋ ನಡೆಸುವವರು, ಕಾವಲಿನ ಕೆಲಸದವರು. ಎಲ್ಲರ ಕೈಯಲ್ಲೂ ಫೋನು. ಬ್ಯಾಂಕಿನ ತಾಣವನ್ನು ತೆರೆದಾಗ ಆ ತಾಣ ನಿಜವಾಗಿಯೂ ಬ್ಯಾಂಕಿನದೇ, ನಡುವೆ ಯಾರೂ ವೇಷ ಹಾಕಿ ನಿಂತಿಲ್ಲವೇ ಎಂಬುದನ್ನು ಫೋನು ನಮ್ಮ ಪರವಾಗಿ ಪರೀಕ್ಷಿಸುತ್ತದೆ. ಇದಕ್ಕೆ ಬಳಕೆಯಲ್ಲಿರುವ ಮುಖ್ಯ ವಿಧಾನಗಳಲ್ಲೊಂದು, 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದ್ದು. ಅದರ ತಿರುಳು ಜೆವನ್ಸರ ಒಗಟೇ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸಿಕೊಂಡು, ಅವುಗಳ ಗುಣಲಬ್ಧವನ್ನು ಮಾತ್ರ ಲೋಕಕ್ಕೆಲ್ಲ ತೋರಿಸುವುದು. ಬ್ಯಾಂಕಿನ ರುಜುವನ್ನು ತಾಳೆ ನೋಡಲು ಗುಣಲಬ್ಧ ಸಾಕು. ಆ ರುಜುವನ್ನು ಹಾಕಲು ಒಳಗಿನ ಎರಡು ಅವಿಭಾಜ್ಯಗಳು ತಿಳಿದಿರಬೇಕು. ಸಾಮಾನ್ಯವಾಗಿ ಬಳಸುವ ಗುಣಲಬ್ಧದಲ್ಲಿ 617 ಅಂಕೆಗಳಿರುತ್ತವೆ.

ಮಹಾವೀರಾಚಾರ್ಯರು ಹಾರವನ್ನೂ ಅದನ್ನು ಕಟ್ಟಿದ ಎರಡು ಎಳೆಗಳನ್ನೂ ಶಿಷ್ಯರ ಕೈಗೆ ಒಟ್ಟಿಗೆ ಕೊಟ್ಟರು. ಇಲ್ಲಿ ಹಾರ ಮಾತ್ರ ಎದುರಿಗಿದೆ, ಎಳೆಗಳನ್ನು ಬಚ್ಚಿಡಲಾಗಿದೆ. ಹೂ ಮಾರುವ ಹೆಂಗಸಿನ ಒಂದು ದಿನದ ಸಂಪಾದನೆಯ ಭದ್ರತೆಯಲ್ಲಿಯೂ ಈ ಬಚ್ಚಿಡುವಿಕೆಗೆ ಪಾಲಿದೆ. ಅದು ಎಷ್ಟು ಗಟ್ಟಿ? 1977ರಲ್ಲಿ ಆ ಮೂವರು ವಿದ್ವಾಂಸರ 129 ಅಂಕೆಗಳ ಸಂಖ್ಯೆಯೊಂದು ಬಹುಮಾನದೊಡನೆ ಪ್ರಕಟವಾಯಿತು. ಯುಗಯುಗಗಳು ಕಳೆದರೂ ಅದು ಒಡೆಯದೆಂಬ ಎಣಿಕೆಯಿತ್ತು. ಹದಿನೇಳು ವರ್ಷಗಳಲ್ಲಿ, 1994ರ ಏಪ್ರಿಲಿನಲ್ಲಿ, ಸುಮಾರು 600 ಸ್ವಯಂಸೇವಕರ ಕಂಪ್ಯೂಟರುಗಳು ಸೇರಿ ಅದನ್ನು ಒಡೆದವು. 2020ರ ಫೆಬ್ರವರಿಯಲ್ಲಿ 250 ಅಂಕೆಗಳ ಸಂಖ್ಯೆಯೊಂದು ಒಡೆಯಿತು. ಕಂಪ್ಯೂಟರಿನ ಒಂದೇ ಗಣನಾಕೋಶ ದುಡಿದಿದ್ದರೆ ಅದಕ್ಕೆ 2700 ವರ್ಷಗಳು ಹಿಡಿಯುತ್ತಿದ್ದವು. 617 ಅಂಕೆಗಳ ಕೋಟೆ ಇನ್ನೂ ಬಹಳ ಎತ್ತರದಲ್ಲಿದೆ.

ಎತ್ತರದಲ್ಲಿದೆ ಎಂದಷ್ಟೇ ಹೇಳಬಹುದು, ಅಭೇದ್ಯವೆಂದು ಹೇಳುವಂತಿಲ್ಲ. ದೊಡ್ಡ ಸಂಖ್ಯೆಗಳನ್ನು ಬೇಗನೆ ಒಡೆಯಲು ಬರುವುದಿಲ್ಲವೆಂದು ಈವರೆಗೆ ಯಾರೂ ಸಾಧಿಸಿ ತೋರಿಸಿಲ್ಲ. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ನಿಶ್ಚಯವಾಗಿಯೂ ಶೀಘ್ರವಾಗಿಯೂ ತಿಳಿಯುವ ಕ್ರಮವನ್ನು ಕಂಡುಹಿಡಿದು ಲೋಕವನ್ನು ಬೆರಗುಗೊಳಿಸಿದರು. ಆದರೆ ಅವಿಭಾಜ್ಯವಲ್ಲವೆಂದು ತಿಳಿದರೂ ಅದರ ಭಾಜಕಗಳು ಯಾವುವೆಂದು ಆ ಕ್ರಮ ಹೇಳುವುದಿಲ್ಲ. ಹಲಸಿನ ಹಣ್ಣನ್ನು ಬಡಿದು ನೋಡಿ ಮಾಗಿದೆಯೇ ಎಂದು ಹೇಳಬಹುದು. ಒಳಗೆ ಎಷ್ಟು ತೊಳೆಗಳಿವೆಯೆಂದು ಹೇಳಲಾಗುವುದಿಲ್ಲವಷ್ಟೆ. ಇತ್ತ ಪೀಟರ್ ಶೋರ್ ಎಂಬ ಗಣಿತಜ್ಞರು 1994ರಲ್ಲಿಯೇ ಕ್ವಾಂಟಂ ಕಂಪ್ಯೂಟರುಗಳು ಸಾಕಷ್ಟು ದೊಡ್ಡದಾಗಿ ಬಂದರೆ ಸಂಖ್ಯೆಗಳನ್ನು ಬೇಗನೆ ಒಡೆಯಬಲ್ಲವೆಂದು ತೋರಿಸಿದ್ದಾರೆ. ಆ ದಿನಕ್ಕೆ ಸಿದ್ಧತೆಯಾಗಿ 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಅಪವರ್ತನವನ್ನು ನೆಚ್ಚದ ಹೊಸ ವಿಧಾನಗಳನ್ನು ಪ್ರಕಟಿಸಿತು. ಜೆವನ್ಸರಿಗೆ ಕಾಣದಿದ್ದ ಹಿತ್ತಲ ಬಾಗಿಲು ಇಲ್ಲಿಯೂ ಇರಬಹುದೆಂಬ ಎಚ್ಚರ ಎಲ್ಲರಲ್ಲಿಯೂ ಇದೆ.

ಹೀಗೆ, ಒಂದು ಸಂಖ್ಯೆಯ ರೂಪಕ್ಕೂ ಒಡಲಿಗೂ ಇರುವ ದೂರ ಕೇವಲ ಪಂಡಿತರ ವಿನೋದವಾಗಿ ಉಳಿದಿಲ್ಲ. ಅದು ನಮ್ಮ ನಿತ್ಯಜೀವನದ ಬೀಗವಾಗಿದೆ. ಬೀಗದ ಹಿಂದಿರುವ ಗಣಿತವಾದರೋ ಹೊಸದಲ್ಲ. ಅಂಕೆಗಳ ಸಾಲನ್ನು ಕಂಡು ಹಿಂಜರಿಯದೆ, ಇದು ಯಾವುದರಿಂದ ಆಯಿತು ಎಂದು ಕೇಳಿದವರು ಎಲ್ಲ ಕಾಲದಲ್ಲಿಯೂ ಇದ್ದರು. ಅವರಲ್ಲೊಬ್ಬರು ನಮ್ಮ ನಾಡಿನಲ್ಲಿ, ಕವಿರಾಜಮಾರ್ಗದ ಕಾಲದಲ್ಲಿ, ಇದೇ ಪ್ರಶ್ನೆಯನ್ನು ಮಕ್ಕಳಿಗೆ ಹಾರವಾಗಿ ಕಟ್ಟಿಕೊಟ್ಟರು.

ಕೇಳುಗರಿಗೆ ಕೊನೆಯದಾಗಿ ಒಂದು ಕೆಲಸ. ಗಣಿತಸಾರಸಂಗ್ರಹದಲ್ಲಿ 152207ನ್ನು 73ರಿಂದ ಗುಣಿಸುವ ಲೆಕ್ಕವೂ ಇದೆ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಣಿಸಿ ನೋಡಿ. ಉತ್ತರವನ್ನು ನಾನು ಹೇಳುವುದಿಲ್ಲ; ಸರಿಯಾಗಿದ್ದರೆ ಅದೇ ನಿಮಗೆ ಹೇಳುತ್ತದೆ. ಆಮೇಲೆ 152207 ತಾನು ಯಾವ ಸಂಖ್ಯೆಗಳಿಂದ ಆಗಿದೆಯೆಂದು ಮಕ್ಕಳು ಕೇಳಿದರೆ, ಈಗಾಗಲೇ ಪರಿಚಿತವಾಗಿರುವ 11ರಿಂದ ಆರಂಭಿಸಲು ಹೇಳಿ.